ಭಾನುವಾರದ ಚೂರುಗಳು

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆರೆದ ದಿಶಾ ಚೀರಿದಳು. ಹಿಂದೆಯೇ ಬಂದ ಗೆಳತಿ ಯಶ್ಮಿತಾ ಹೊಸ್ತಿಲಲ್ಲೇ ನಿಂತಳು. ದಿಶಾ ಮೈಮುರಿದು ಮಾಡಿದ್ದ ಮಣ್ಣಿನ ಫಲಕ, ರೂವಿ ಬಸ್ ನಿಲ್ದಾಣದ ಜನಜಂಗುಳಿಯ ಉಬ್ಬುಚಿತ್ರ, ನೆಲದ ಮೇಲೆ ಚೂರುಚೂರಾಗಿ ಬಿದ್ದಿತ್ತು. ಪಕ್ಕದಲ್ಲಿ ಸಹಪಾಠಿ ಶ್ರವಣ್‌ನ ಮರದ ಸುತ್ತಿಗೆ.

ಮಸ್ಕತ್‌ನ ಈ ಕಲಾ ಕಾಲೇಜು ಚಿಕ್ಕದು. ಮುಂದಿನ ತಿಂಗಳ ನಗರ ಪ್ರದರ್ಶನಕ್ಕೆ ಇಲ್ಲಿಂದ ಹೋಗುವುದು ಒಂದೇ ಕೃತಿ. ದಿಶಾಳದು ಆಯ್ಕೆಯಾಗಿತ್ತು. ಅದಕ್ಕಾಗಿ ಗುರುವಾರ ಶ್ರವಣ್ ಅವಳೊಡನೆ ಜಗಳವಾಡಿದ್ದ.

"ಕಣ್ಣಾರೆ ನೋಡಿದೆ ಮಿಸ್," ಎಂದ ಚಿತ್ರಕಲೆ ವಿಭಾಗದ ಕಿಶನ್. "ಗುರುವಾರ ಸಂಜೆ ದಿಶಾ ಹೋದ ತಕ್ಷಣ ಶ್ರವಣ್ ಬಂದು ಫಲಕಕ್ಕೆ ಹೊಡೆದ. ಭಯಕ್ಕೆ ಸುಮ್ಮನಿದ್ದೆ."

ಚೀರಾಟ ಕೇಳಿ ಬಂದಿದ್ದ ಸಮೀನಾ ಮಿಸ್ ಹುಬ್ಬು ಗಂಟಿಕ್ಕಿದರು. "ಶ್ರವಣ್, ಮಧ್ಯಾಹ್ನ ಅಪ್ಪನನ್ನು ಕರೆಸು. ನಿನ್ನ ಸೀಟು ಖಲಾಸ್."

"ನಾನಲ್ಲ ಮಿಸ್!" ಶ್ರವಣ್ ಅಳುವುದೊಂದು ಬಾಕಿ.

* * *

ಯಶ್ಮಿತಾ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಹೆಕ್ಕಿದಳು. ಅಂಚು ಚೂಪು. ಉಗುರು ತಾಗಿದರೆ ಹುಡಿ. ಮೂಲೆಯಲ್ಲಿ ಫಲಕಕ್ಕೆ ಹೊದಿಸಿದ್ದ ಒದ್ದೆಬಟ್ಟೆ ಒಣಗಿ ಸೆಟೆದಿತ್ತು.

"ಏನಮ್ಮಾ, ಮಣ್ಣು ತಿಂತೀಯಾ?" ಕಿಶನ್ ನಕ್ಕ.

"ಹೊಡೆದದ್ದು ಗುರುವಾರವೇ ಅಲ್ವಾ ಮಾರಾಯ?"

"ಗುರುವಾರವೇ. ಎಷ್ಟು ಸಲ ಹೇಳ್ಲಿ?"

"ಮಿಸ್, ರಜೆಯಲ್ಲಿ ಯಾರಿಗಾದ್ರೂ ಕೀ ಕೊಟ್ಟಿದ್ರಾ?"

"ಶನಿವಾರ, ಪೋಸ್ಟರ್ ಕೆಲಸಕ್ಕೆ. ಕಿಶನ್‌ಗೆ ಮಾತ್ರ."

* * *

ಯಶ್ಮಿತಾ ತೊಟ್ಟಿಯಿಂದ ಹಸಿ ಮಣ್ಣು ತೆಗೆದು ರೊಟ್ಟಿಯಂತೆ ತಟ್ಟಿದಳು. ಸುತ್ತಿಗೆಯಿಂದ ಬಡಿದಳು. ಥಪ್! ಮಣ್ಣು ತಗ್ಗಾಯಿತು, ಚಪ್ಪಟೆಯಾಯಿತು. ಒಡೆಯಲಿಲ್ಲ.

"ಕೆಲಸ ಮುಗಿದಿಲ್ಲಾಂತ ದಿಶಾ ಗುರುವಾರ ಒದ್ದೆಬಟ್ಟೆ ಸುತ್ತಿಟ್ಟಿದ್ಲು. ಆಗ ಹೊಡೆದಿದ್ರೆ ಹೀಗೆ ಅಪ್ಪಚ್ಚಿ ಆಗ್ಬೇಕಿತ್ತು."

"ಹೊಡೆದ ಮೇಲೆ ಒಣಗಿರಬೇಕು," ಕಿಶನ್ ತಡವರಿಸಿದ.

"ಅಪ್ಪಚ್ಚಿಯಾದದ್ದು ಒಣಗಿದರೂ ಅಪ್ಪಚ್ಚಿಯೇ. ಈ ಅಂಚು ಬರ್ಲಿಕ್ಕೆ ಮೊದಲು ಒಣಗ್ಬೇಕು, ಆಮೇಲೆ ಪೆಟ್ಟು ಬೀಳ್ಬೇಕು. ಯಾರೋ ಗುರುವಾರ ಬಟ್ಟೆ ತೆಗೆದಿದ್ದಾರೆ. ಎಸಿ ಇಲ್ಲದ ಕೋಣೆ, ಮಸ್ಕತ್ ಸೆಕೆ, ತೆಳು ಫಲಕ. ಶನಿವಾರಕ್ಕೆ ಗರಿಗರಿ. ಶನಿವಾರ ಒಳಗಿದ್ದವ ನೀನೊಬ್ಬನೇ. ನೀನು ಬಣ್ಣ ಹಚ್ಚುವವ ಮಾರಾಯ, ಮಣ್ಣಿನ ಬುದ್ಧಿ ನಿನಗೆ ತಿಳಿಯದು."

ಕಿಶನ್ ಸ್ಟೂಲಿನ ಮೇಲೆ ಕುಸಿದ. "ಬಟ್ಟೆ ತೆಗೆದ್ರೆ ತಾನೇ ಬಿರುಕು ಬಿಡುತ್ತೆ, ದಿಶಾಳದೇ ತಪ್ಪು ಅಂದ್ಕೋತಾರೆ ಅಂತಿದ್ದೆ. ಶನಿವಾರ ನೋಡಿದ್ರೆ ಒಂದು ಗೆರೆಯೂ ಬಿದ್ದಿರಲಿಲ್ಲ. ಅದಕ್ಕೇ ಶ್ರವಣ್‌ನ ಸುತ್ತಿಗೆ ಎತ್ತಿಕೊಂಡೆ. ಎರಡನೇ ಸ್ಥಾನ ನನ್ನ ಚಿತ್ರದ್ದು, ಮಿಸ್..."

"ಆಫೀಸಿಗೆ ನಡಿ," ಎಂದರು ಮಿಸ್. ಶ್ರವಣ್‌ನ ಭುಜ ತಟ್ಟಿದರು. "ನೀನು ಇಲ್ಲೇ ಇರು."

ಸ್ಟುಡಿಯೋ ತುಂಬ ಚಪ್ಪಾಳೆ, ಶಿಳ್ಳೆ.

"ಸಾರಿ ಕಣೋ," ದಿಶಾ ಮೂಗೊರೆಸಿಕೊಂಡಳು. "ನಾನೂ ನಿನ್ನನ್ನೇ ಅನುಮಾನಿಸಿದೆ."

"ಒಂದು ಗೆರೆಯೂ ಬೀಳದ ಹಾಗೆ ಮಾಡಿದವಳು ನೀನು ದಿಶಾ, ಇನ್ನೊಮ್ಮೆ ಮಾಡು!" ಯಶ್ಮಿತಾ ಚೂರುಗಳನ್ನು ಬಕೆಟ್ ನೀರಿಗೆ ಸುರಿದಳು. "ಸುಡದ ಮಣ್ಣು, ನೆನೆದರೆ ಮತ್ತೆ ಹದಕ್ಕೆ ಬರ್ತದೆ. ತುಳೀಲಿಕ್ಕೆ ಜನ ಬೇಕು."

ಶ್ರವಣ್ ಆಗಲೇ ಪ್ಯಾಂಟು ಮಡಚುತ್ತಿದ್ದ. "ಯಲ್ಲಾ, ಬನ್ನಿ ಬನ್ನಿ!"