ಫಿಲ್ಟರ್ ಮೇಲಿನ ಅಂಕಿ

ಸಣ್ಣ ವಿಮಾನದ ಆಯಿಲ್ ಫಿಲ್ಟರನ್ನು ಒಂದು ಹನಿಯೂ ಚೆಲ್ಲದಂತೆ ಬಿಚ್ಚುವುದನ್ನು ನನಗೆ ಕಲಿಸಿದವರು ಸೋದರಮಾವ. "ಮೊದ್ಲು ಒಂದು ತೂತು ಹೊಡಿ, ಕೆಳಗೆ ಕತ್ತರಿಸಿದ ಬಾಟ್ಲಿ ಇಡು, ಪೂರ್ತಿ ಸೋರೋ ತನಕ ಕೈ ಹಚ್ಬೇಡ ಕಣೋ" ಎನ್ನುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು.

ಹೋದ ತಿಂಗಳು ಒಂದು ಮಧ್ಯಾಹ್ನ, ಎಂಟು ದಿನದಿಂದ ಹಾರದೆ ನಿಂತಿದ್ದ ವಿಮಾನದ ಎಂಜಿನ್ ಮುಚ್ಚಳ ತೆಗೆದೆ. ಫಿಲ್ಟರಿಗೆ ಆಗಲೇ ತೂತು ಬಿದ್ದಿತ್ತು. ಕೆಳಗೆ ಕತ್ತರಿಸಿದ ಬಾಟಲಿಯಿತ್ತು. ಅದರಲ್ಲಿದ್ದ ಆಯಿಲ್ ಇನ್ನೂ ಬಿಸಿಯಾಗಿತ್ತು. ಶೆಡ್ಡಿನ ಬೀಗದ ಕೈ ಇರುವುದು ನನ್ನೊಬ್ಬನ ಹತ್ತಿರ.

ಫಿಲ್ಟರ್ ಹಾಕುವಾಗ, ಎಂಜಿನ್ ಅಲ್ಲಿಯವರೆಗೆ ಎಷ್ಟು ಗಂಟೆ ಓಡಿದೆ ಎಂದು ಅದರ ಮೇಲೆ ಬರೆಯುವುದು ನಮ್ಮ ರೂಢಿ. ನಾನು ಬರೆದಿದ್ದ 1340 ಅಲ್ಲಿರಲಿಲ್ಲ. 1417 ಎಂದಿತ್ತು. ಏಳರ ನಡುವೆ ಮಾವ ಎಳೆಯುತ್ತಿದ್ದ ಅದೇ ಅಡ್ಡಗೆರೆ. ಎಂಜಿನ್ ಓಡಿದ ಗಂಟೆ ಎಣಿಸುವ ಮೀಟರಿನಲ್ಲಿ ಆಗ ಇದ್ದದ್ದು 1390.

ಎಂಜಿನ್ ಪೂರ್ತಿ ಬಿಚ್ಚಿ ನೋಡಿದೆ, ಒಂದು ದೋಷವೂ ಸಿಗಲಿಲ್ಲ. ಪೈಲಟ್‌ಗೆ ಹೇಳಿದರೆ, "ನಿಮ್ಮ ಮಾವನಿಗೆ ಲೆಕ್ಕ ತಪ್ಪಿರ್ಬೇಕು ಬಿಡಿ" ಎಂದು ನಕ್ಕ.

ಇವತ್ತು ಬೆಳಿಗ್ಗೆ ಅವನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಎರಡು ಗಂಟೆಯ ದಾರಿ. ಬಾಗಿಲು ಹಾಕುವಾಗ ನಾನು ಬಗ್ಗಿ ನೋಡಿದೆ: ಮೀಟರ್ 1416 ತೋರಿಸುತ್ತಿತ್ತು.