ಎಲ್ಲರೋ, ಕೆಲವರೋ

ಕಾಶವ್ವ ಆಡಿದ ಮಾತು ಅವಳ ಕಣ್ಣೆದುರೇ ಗಾಳಿಯಲ್ಲಿ ಎರಡು ಉಂಗುರಗಳಾಗಿ ನಿಂತಿತು. ಹಿತ್ತಾಳೆ ಚೊಂಬಿನಂಥ ಯಂತ್ರದ ಬಾಯಿಂದ ತೇಲಿ ಬಂದ ತಿಳಿನೀಲಿ ಬೆಳಕು; ಸೂರಿನ ಕೆಳಗೆ ನಿಂತ ನೀರಿನ ಹಾಗೆ ಮೆಲ್ಲಗೆ ಅಲುಗುತ್ತಿತ್ತು.

ಅವಳು ಹೇಳಿದ್ದು ಇಷ್ಟೇ: "ಹೊಳಿಯಾಚಿನವರು ಕೈ ಬಿಡೋ ಮಂದಿ. ಈ ಹುಡುಗ ಹೊಳಿಯಾಚಿನಾಂವ. ಇಂವನೂ ಕೈ ಬಿಡತಾನ."

ತಾಯಿಯಿಲ್ಲದ ತಂಗೆಮ್ಮನನ್ನು ಎತ್ತಿ ಬೆಳೆಸಿದ ಚಿಕ್ಕಮ್ಮ, ಚಿಗವ್ವ ಅವಳು. ಚಿಗವ್ವ ಹೂಂ ಅನ್ನದೆ ಹೊಳೆಯಾಚೆಯ ಸುಗೂರೇಶನನ್ನು ಮದುವೆಯಾಗಲಾರೆ ಎಂದಿದ್ದಳು ಹುಡುಗಿ. ಕೊನೆಗೆ ಮೂವರೂ ಈ ಯಂತ್ರ ಮಾಡಿದ ವಿಜ್ಞಾನಿ ಇಂದುಮತಿ ಬೆಣ್ಣೂರರ ಬಳಿಗೆ ಬಂದಿದ್ದರು. ಆ ಕಾಲಕ್ಕೆ ಬಗೆಹರಿಯದ ಮಾತುಗಳನ್ನು ಜನ ಅಲ್ಲಿಗೇ ತರುತ್ತಿದ್ದರು.

"ಉಂಗುರ ಅಂದ್ರ ಒಂದು ಗುಂಪು," ಇಂದುಮತಿ ಬಿಡಿಸಿ ಹೇಳಿದರು. "ಒಂದು ಗುಂಪಿನವರೆಲ್ಲಾ ಇನ್ನೊಂದರಾಗ ಇದ್ದರ ಸಣ್ಣ ಉಂಗುರ ದೊಡ್ಡದರ ಹೊಟ್ಟ್ಯಾಗ ಕೂಡತದ. ಯಾರೂ ಇಲ್ಲಂದ್ರ ಎರಡೂ ದೂರ ದೂರ. ಕೆಲವರಷ್ಟ ಇದ್ದರ, ತಾಟಿನ್ಯಾಗ ರೊಟ್ಟಿ ಮ್ಯಾಲೆ ರೊಟ್ಟಿ ಸರದಂಗ, ಅಂಚಿನ ಮ್ಯಾಲೆ ಅಂಚು."

ಯಂತ್ರ ಮೆತ್ತಗೆ ಕೇಳಿತು: "ಹೊಳೆಯಾಚೆಯವರು ಎಂದಿರಿ. ಎಲ್ಲರೋ, ಕೆಲವರೋ?"

"ಎಲ್ಲಾರೂ ಅಂತ ಬ್ಯಾರೆ ಹೇಳಬೇಕೇನು ಇದಕ್ಕ?" ಕಾಶವ್ವ ಸಿಡುಕಿದಳು.

"ಅವರಲ್ಲಿ ಯಾರನ್ನು ನೋಡಿದ್ದೀರಿ?" ಯಂತ್ರ ಮತ್ತೆ ಕೇಳಿತು.

"ನನ್ನ ಗಂಡನ್ನ."

"ಮತ್ತೆ?"

ಕಾಶವ್ವ ಸೆರಗು ಸರಿಮಾಡಿಕೊಂಡಳು. ಗಂಡ ಬಿಟ್ಟುಹೋದ ವಾರವೇ ಜ್ವರ ಬಂದು ಮಲಗಿದಾಗ ಗಂಜಿ ಕುಡಿಸಿದ ಗಂಡನ ತಂಗಿ ನೆನಪಾದಳು. "ನಾದಿನಿ ಒಬ್ಬಾಕಿ... ಆಕಿ ಬಿಡಲಿಲ್ಲ."

ಹೊಳೆಯಾಚೆಯವರದೊಂದು, ಕೈ ಬಿಡುವವರದೊಂದು, ಎರಡು ಉಂಗುರಗಳು ನಿದ್ದೆಯಲ್ಲಿ ಹೊರಳಿದಂತೆ ಸರಿದು, ಉಗುರಿನಷ್ಟು ಒಂದರ ಮೇಲೊಂದು ಬಂದವು. ಆ ತೆಳು ಜಾಗದಲ್ಲಿ ಗಂಡನದು ಒಂದೇ ಒಂದು ಚುಕ್ಕೆ. ಅದರ ಹೊರಗೆ, ಹೊಳೆಯಾಚೆಯವರ ಉಂಗುರದಲ್ಲೇ, ನಾದಿನಿಯದು ಇನ್ನೊಂದು. ಉಳಿದದ್ದೆಲ್ಲ ಕೆರೆಯಂಥ ಖಾಲಿ ಬೆಳಕು. ಅದರಲ್ಲಿ ಸುಗೂರೇಶನ ಚುಕ್ಕೆ ಎಲ್ಲಿಯೂ ನಿಲ್ಲದೆ, ಕೈ ಬಿಡುವವರ ಗೆರೆಯ ಆಚೆ ಈಚೆ ತೇಲುತ್ತಿತ್ತು. ತನ್ನ ಇಷ್ಟು ವರ್ಷದ ಸಂಕಟ ಎಳ್ಳಿನಷ್ಟಾಗಿ ಮಿನುಗುವುದನ್ನು ಕಾಶವ್ವ ಬಹಳ ಹೊತ್ತು ನೋಡಿದಳು.

"ಅಂದ್ರ ಇಂವ ಒಳ್ಳ್ಯಾಂವ ಅಂತೇನು?"

ಇಂದುಮತಿ ಹೇಳಿದರು: "ಯಂತ್ರ ಹಂಗ ಹೇಳೂದಿಲ್ಲವ್ವಾ. ನೀ ಕೊಟ್ಟ ಆಧಾರದಿಂದ ನಿನ್ನ ತೀರ್ಮಾನ ಹುಟ್ಟೂದಿಲ್ಲ. ಇಂವ ಎಂಥಾಂವ ಅನ್ನೂದು ಅದಕ್ಕ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಾಕ ಇಷ್ಟ ಚಂದದ ಯಂತ್ರ ಬೇಕಾತೇನ ನಿಮಗ!"

ತಂಗೆಮ್ಮ ಕಿಸಕ್ಕನೆ ನಕ್ಕಳು. ಕಾಶವ್ವನಿಗೂ ನಗು ಬಂತು. ಅವಳು ಕೈ ಚಾಚಿದಳು. ಬೆಳಕು ಬೆರಳುಗಳ ಮೇಲೆ ಹರಿದು ಕರಗಿತು.

"ಏ ತಮ್ಮಾ, ಇತ್ತ ಸರದು ಕೂಡು," ಎಂದಳು ಸುಗೂರೇಶನಿಗೆ. "ನಿಮ್ಮೂರ ಸುದ್ದಿ ಸಾಕು. ನಿನ್ನ ಸುದ್ದಿ ಹೇಳು."

ಮುಂದೆ ಆ ಸೀಮೆಯಲ್ಲಿ 'ಅವರು' ಎಂದು ಬಾಯಿ ತೆರೆದವರು, ಯಂತ್ರ ಹತ್ತಿರ ಇಲ್ಲದಾಗಲೂ, 'ಎಲ್ಲರೋ, ಕೆಲವರೋ' ಎಂದು ಒಂದು ಉಸಿರು ತಡೆಯುವುದು ರೂಢಿಯಾಯಿತು. ಆ ಯಂತ್ರವಿಲ್ಲದ ನಮ್ಮ ಕಾಲದ ಗಾಳಿಯಲ್ಲಿ ಉಂಗುರಗಳು ಮೂಡುವುದಿಲ್ಲ. ಯಾರದೋ ಒಂದು ಚುಕ್ಕೆ ಇಡೀ ಊರನ್ನೇ ಮುಚ್ಚಿಬಿಡುತ್ತದೆ. ಅದರ ನೆರಳಿನಲ್ಲಿ ಕೂತು ಎಷ್ಟೋ ಜನ, ತಮ್ಮ ಸುದ್ದಿಯನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಾರೆ.