ಮಾಮೆ ಸೆರ್ವಾ ಆರಿಸಿದ ಎಂಜಿನ್

ಸೋಮವಾರ ಬೆಳಿಗ್ಗೆ ಏಳೂವರೆಗೆ ಮೆಕ್ಯಾನಿಕ್ ಮಾಸ್ಟರ್ ಡೊಂಕೊರ್ ತಮ್ಮ ಶೆಡ್ಡಿನ ಬೀಗ ತೆಗೆದರು. ಒಳಗೆ ಎಂಜಿನ್ ಇರಲಿಲ್ಲ.

ಅದನ್ನು ಕೂರಿಸಿದ್ದ ಮರದ ದಿಮ್ಮಿಗಳು ಹಾಗೇ ಇದ್ದವು. ಮೇಲೆ ಕಪ್ಪಿಯ ಸರಪಳಿ ನೇತಾಡುತ್ತಿತ್ತು. ನೂರೈವತ್ತು ಕಿಲೋ ಕಬ್ಬಿಣ ಮಾತ್ರ ಮಾಯ.

ಕುಮಾಸಿ ನಗರದಲ್ಲಿ ಹಳೆ ಗಾಡಿ ರಿಪೇರಿಯ ಪೇಟೆಯೆಂದರೆ ಸುವಾಮೆ. ಇಲ್ಲಿ ವಸ್ತು ಕಾಣೆಯಾಗುವುದು ಹೊಸದಲ್ಲ. ಎದುರಿನ ಅಂಗಡಿಯಲ್ಲಿ ಹಳೆ ಕನ್ನಡಿ ಮಾರುವ ನಾನು, ನನ್ನದೇ ಕನ್ನಡಿಯನ್ನು ಎರಡು ಸಲ ದುಡ್ಡು ಕೊಟ್ಟು ಕೊಂಡಿದ್ದೇನೆ. ಆದರೆ ಇದು ಮಾಮೆ ಸೆರ್ವಾ ಅವರ ಎಂಜಿನ್. ಮೂವತ್ತೆಂಟು ವರ್ಷದಿಂದ ಸೂಲಗಿತ್ತಿಯಾಗಿರುವವರು. ನಮ್ಮ ಅಂಗಡಿ ಸಾಲಿನ ಅರ್ಧ ಮೆಕ್ಯಾನಿಕ್‌ಗಳನ್ನು ಕಾಲು ಹಿಡಿದು ಈ ಲೋಕಕ್ಕೆ ಎಳೆದುಕೊಂಡವರೇ ಅವರು.

ಅವರ ಹಳೇ ವ್ಯಾಗನ್ ಆರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು. ಹೋದ ತಿಂಗಳು ತುಂಬು ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯುವಾಗ ಬೆಟ್ಟದ ಏರಿನಲ್ಲಿ ಎಂಜಿನ್ ಬಿಗಿದುಕೊಂಡಿತು. ಮಗು ಎರಡು ಜೋಳದ ಮೂಟೆಗಳ ನಡುವೆ ಹುಟ್ಟಿತು. ತಾಯಿ ಮಗು ಕ್ಷೇಮ. ಆದರೆ ಇನ್ನೊಮ್ಮೆ ಹೀಗಾಗಬಾರದೆಂದು ಮಾಮೆ ತೀರ್ಮಾನಿಸಿದರು. ಬೆಟ್ಟದಾಚೆ ಈ ವಾರವೇ ಮೂವರಿಗೆ ದಿನ ತುಂಬುತ್ತಿತ್ತು.

* * *

ಎಂಜಿನ್ ಆರಿಸಿದ್ದು ಶುಕ್ರವಾರ. ವ್ಯಾಪಾರಿ ಬೊನ್ಸು ಮೂರು ಎಂಜಿನ್‌ಗಳನ್ನು ಸಾಲಾಗಿ ಇಟ್ಟಿದ್ದ. ಮೊದಲನೆಯದು ಆರು ಸಿಲಿಂಡರಿನದು. ಮಿರಮಿರ ಮಿಂಚುತ್ತಿತ್ತು. ಮಾಮೆಯ ಡ್ರೈವರ್ ಬೊಟ್ವೆ ಅದನ್ನು ಮದುವಣಗಿತ್ತಿಯನ್ನು ನೋಡುವಂತೆ ನೋಡಿದ. ಎರಡನೆಯದು ಡೀಸೆಲ್. ಅದನ್ನೇ ಹಾಕಿಸಿ ಎಂದು ಮಾಸ್ಟರ್ ಡೊಂಕೊರ್ ಹಟ ಹಿಡಿದರು. ಮೂರನೆಯದು ಮಾಮೆಯ ವ್ಯಾಗನ್ನಿನ ಜಾತಿಯದೇ ನಾಲ್ಕು ಸಿಲಿಂಡರಿನ ಎಂಜಿನ್. ಮೈತುಂಬ ತುಕ್ಕು.

ಮಾಮೆ ಚೀಲದಿಂದ ಸ್ಟೆತಾಸ್ಕೋಪ್ ತೆಗೆದರು. ಯಾರೂ ನಗಲಿಲ್ಲ. ಒಂದೊಂದನ್ನೂ ಚಾಲೂ ಮಾಡಿಸಿ ಕೇಳಿದರು. ಪ್ಲಗ್ಗುಗಳನ್ನು ಬಿಚ್ಚಿಸಿ ಬಣ್ಣ ನೋಡಿದರು. ಎಣ್ಣೆಯ ಮುಚ್ಚಳವನ್ನು ಮೂಸಿದರು. ಆರು ಸಿಲಿಂಡರಿನದನ್ನು ಕೂರಿಸಲು ಗಾಡಿಯ ಎದೆಯನ್ನೇ ಕುಯ್ಯಬೇಕು, ಮೇಲೆ ಅದು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ ಎಂದರು. ಡೀಸೆಲಿನ ಭಾರಕ್ಕೆ ಮುಂದಿನ ಸ್ಪ್ರಿಂಗುಗಳು ಆರೇ ತಿಂಗಳಿಗೆ ಮುರಿಯುತ್ತವೆ ಎಂದರು. ಆಮೇಲೆ ತುಕ್ಕು ಹಿಡಿದದ್ದರ ಮೇಲೆ ಕೈಯಿಟ್ಟರು.

"ಇದರ ನಾಲ್ಕೂ ಎದೆ ಒಂದೇ ಸಮ ಬಡೀತಿದೆ. ಚರ್ಮ ಕೆಟ್ಟಿದೆ, ಅಷ್ಟೆ. ನನ್ನದೂ ಕೆಟ್ಟಿದೆ."

* * *

ಸೋಮವಾರ ಎಂಟೂವರೆಗೆ ಮಾಮೆ ಬಂದರು. ಕೂಗಾಡಲಿಲ್ಲ. ಒಂದು ಸ್ಟೂಲ್ ತರಿಸಿಕೊಂಡು ಶೆಡ್ಡಿನ ನಡುವೆ ಕೂತರು.

ಬೀಗ ಒಡೆದಿರಲಿಲ್ಲ. ಮಾಮೆಯ ಗಾಡಿಯೂ ಅಲ್ಲೇ ನಿಂತಿದ್ದರಿಂದ ಕೀಲಿ ಇದ್ದದ್ದು ಇಬ್ಬರಲ್ಲಿ, ಡೊಂಕೊರ್ ಮತ್ತು ಡ್ರೈವರ್ ಬೊಟ್ವೆ. ಶನಿವಾರ ಇಡೀ ಸಾಲು ಬೆಸುಗೆ ಹಾಕುತ್ತಿದ್ದ ಮುದುಕನೊಬ್ಬನ ಶವಸಂಸ್ಕಾರಕ್ಕೆ ಹೋಗಿತ್ತು. ಭಾನುವಾರ ರಜೆ. ಪೇಟೆಯ ಗೇಟಿನ ಕಾವಲುಗಾರ ಹೇಳಿದ ಪ್ರಕಾರ ಈ ಎರಡು ದಿನಗಳಲ್ಲಿ ಹೊರಗೆ ಹೋದದ್ದು ಬೊನ್ಸುವಿನ ಲಾರಿ ಒಂದೇ.

ಎಲ್ಲರೂ ಬೊನ್ಸುವಿನತ್ತ ತಿರುಗಿದರು. ಲಾರಿಯಲ್ಲಿ ಇದ್ದದ್ದು ಅತ್ತೆಗೆ ಒಯ್ದ ಎರಡು ಮೇಕೆ ಮಾತ್ರ ಎಂದು ಅವನು ಅಲವತ್ತುಕೊಂಡ. ಕಾವಲುಗಾರ ಹೌದೆಂದ. ಒಂದು ಮೇಕೆ ಅವನ ಟೊಪ್ಪಿಯನ್ನು ತಿಂದಿತ್ತು.

ಬೊಟ್ವೆ ಬೆವರುತ್ತಿದ್ದ. ಮಾಮೆ ಅವನಿಗೆ ಜೇಬು ತೋರಿಸೆಂದರು. ಗಂಟು ಹಾಕಿದ ದಾರವೊಂದು ಹೊರಬಿತ್ತು. ಆರು ಸಿಲಿಂಡರಿನದು ಗಾಡಿಯಲ್ಲಿ ಹಿಡಿಸಬಹುದೇನೋ ಎಂದು ಶನಿವಾರ ಮಧ್ಯಾಹ್ನ ಗುಟ್ಟಾಗಿ ಶೆಡ್ಡಿಗೆ ಬಂದು ಅಳೆದದ್ದಾಗಿ ಅವನು ಒಪ್ಪಿಕೊಂಡ. ಆಗ ಮಾಮೆ ಆರಿಸಿದ ಎಂಜಿನ್ ದಿಮ್ಮಿಯ ಮೇಲೇ ಇತ್ತಂತೆ.

"ಹಿಡಿಸ್ತಾ?" ಮಾಮೆ ಕೇಳಿದರು.

"ಇಲ್ಲ, ಮಾಮೆ. ಒಂದು ಗೇಣು ಜಾಸ್ತಿ."

"ಆ ದುಃಖ ನಿನ್ನ ಮುಖದಲ್ಲೇ ಇದೆ. ನೀನು ಕದ್ದಿಲ್ಲ, ಕೂತ್ಕೊ."

ಪೊಲೀಸರಿಗೆ ಹೇಳಿಬಿಡೋಣ ಎಂದು ಮಾಸ್ಟರ್ ಡೊಂಕೊರ್ ಮೆತ್ತಗೆ ಅಂದರು. ಪಾಪ, ಹೋದದ್ದು ಹೋಯಿತು, ಡೀಸೆಲ್ ಇನ್ನೂ ಇದೆಯಲ್ಲ ಎಂದೂ ಸೇರಿಸಿದರು.

ಮಾಮೆ ಎದ್ದು ಕೆಲಸದ ಮೇಜಿನ ಹತ್ತಿರ ಹೋದರು. ಅಲ್ಲಿ ಕಳುವಾದ ಎಂಜಿನ್ನಿನದೇ ಸ್ಟಾರ್ಟರ್ ಮೋಟಾರು, ಒರೆಸಿ ಬಟ್ಟೆಯ ಮೇಲೆ ಇಟ್ಟದ್ದು. ಪಕ್ಕದ ಬೋಗುಣಿಯಲ್ಲಿ ಬಸಿದ ಎಣ್ಣೆ. ನೆಲದ ಮೇಲೆ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಆಮೇಲೆ ಅವರು ಮೂಲೆಯಲ್ಲಿ ನಿಂತಿದ್ದ ತಮ್ಮ ವ್ಯಾಗನ್ನಿಗೆ ಒಂದು ಸುತ್ತು ಬಂದರು. ಬಗ್ಗಿ ಹಿಂದಿನ ಚಕ್ರ ನೋಡಿದರು.

"ಬೊಟ್ವೆ, ಹಿಂದಿನ ಬಾಗಿಲು ತೆಗಿ."

ಅವನು ಹಿಂಜರಿದ. ಅಲ್ಲಿರುವುದು ಹೆರಿಗೆಯ ಹಾಸಿಗೆ, ಬಟ್ಟೆಯ ಗಂಟುಗಳು. ಸುವಾಮೆಯ ಗಂಡಸರು ಉರಿಯುವ ಪೆಟ್ರೋಲಿಗೂ ಕೈಹಾಕುತ್ತಾರೆ, ಆ ಗಂಟುಗಳಿಗೆ ಮಾತ್ರ ಇಲ್ಲ. ಮಾಮೆಯೇ ಬಾಗಿಲು ತೆಗೆದು ಹಾಸಿಗೆಯನ್ನು ಎತ್ತಿದರು.

ಎರಡು ಹಳೆ ಟೈರುಗಳ ಮೇಲೆ ಎಂಜಿನ್ ಮಗುವಿನಂತೆ ಮಲಗಿತ್ತು. ಪ್ಲಗ್ಗಿನ ತೂತುಗಳಿಗೆಲ್ಲ ಶುಭ್ರವಾದ ಬಟ್ಟೆ ತುರುಕಿತ್ತು.

* * *

ಮಾಮೆ ಮತ್ತೆ ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದರು. ದುಡ್ಡಿಗಾಗಿ ಕದಿಯುವವನು ಮೊದಲು ಸ್ಟಾರ್ಟರ್ ಒಯ್ಯುತ್ತಾನೆ. ಚೀಲದಲ್ಲಿ ಹಿಡಿಸುತ್ತದೆ, ಸಂಜೆಯೊಳಗೆ ಮಾರಿಹೋಗುತ್ತದೆ. ಇವನು ಅದನ್ನು ಒರೆಸಿ ಇಟ್ಟಿದ್ದಾನೆ. ಹಾಸಿಗೆ ಕೊಳೆಯಾದೀತೆಂದು ಎಣ್ಣೆ ಬಸಿದಿದ್ದಾನೆ. ಗೇಟಿನಿಂದ ಏನೂ ಹೋಗಿಲ್ಲವೆಂದರೆ ಎಂಜಿನ್ ಒಳಗೇ ಇರಬೇಕು. ಎಂಜಿನ್ ತೆಗೆದ ಗಾಡಿಯ ಮೂತಿ ಮೇಲೇಳುವುದು ಸಹಜ. ಆದರೆ ಖಾಲಿ ಗಾಡಿಯ ಹಿಂಭಾಗ ಚಕ್ರದ ಮೇಲೆ ಕೂತಿತ್ತು. ಅಷ್ಟು ಭಾರವನ್ನು ಒಬ್ಬನೇ ಎತ್ತಬೇಕಾದರೆ ಕಪ್ಪಿ ಬೇಕು. ಎಂಜಿನ್ನನ್ನು ನೇತುಹಾಕಿ, ಗಾಡಿಯ ಹಿಂಬಾಗಿಲನ್ನು ಅದರ ಹತ್ತಿರಕ್ಕೆ ತಳ್ಳಿ, ಹಲಗೆಯ ಮೇಲಿಂದ ಒಳಗೆ ಜಾರಿಸಿದರೆ ಆಯಿತು. ಬೊಟ್ವೆಗೆ ಕಪ್ಪಿ ನಡೆಸಲು ಬಾರದು.

"ಕದ್ದ ಮಾಲನ್ನ ಇಷ್ಟು ಜೋಪಾನ ಮಾಡೋರು ನಮ್ಮ ಸಾಲಲ್ಲಿ ಒಬ್ರೇ. ಅಲ್ವಾ, ಮಾಸ್ಟರ್?"

ಮಾಸ್ಟರ್ ಡೊಂಕೊರ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ, ಅರವತ್ತು ದಾಟಿದ ಆ ಮನುಷ್ಯ ಮೊದಲ ಸಲ ತಡವರಿಸಿದ್ದನ್ನು ನಾನು ನೋಡಿದೆ.

"ಇದು ಹತ್ತು ವರ್ಷ ಕೆಡಲ್ಲ, ಮಾಮೆ. ನಂಗೂ ಕೇಳಿಸ್ತು. ಡೀಸೆಲ್ ಆದ್ರೆ ತಿಂಗಳಿಗೆ ಎರಡು ಸಲ ಆದ್ರೂ ನೀವು ಬರ್ತಿದ್ರಿ."

ಪಕ್ಕದ ಶೆಡ್ಡಿನ ಸುತ್ತಿಗೆಗಳು ನಿಂತವು. ಅಲ್ಲಿನವರೂ ಕೇಳುತ್ತಿದ್ದರು.

ಮಾಮೆ ಮುಖ ಗಂಟಿಕ್ಕಿದರು. ಬೆಟ್ಟದ ಏರಿನಲ್ಲಿ ಅಂದು ಆ ಹುಡುಗಿ ಹೇಗೆ ನರಳಿದಳೆಂದು ಹೇಳಿದರು. ತಗ್ಗಿದ ದನಿಯಲ್ಲೇ ಹೇಳಿದರು, ಒಂದನ್ನೂ ಬಿಡದೆ. ಮಾಸ್ಟರ್ ಕಣ್ಣು ಒರೆಸಿಕೊಂಡರು. ಕಪ್ಪಿಯ ಸರಪಳಿಗೆ ಕೈಹಾಕಿದರು. ಮಂಗಳವಾರ ಸಂಜೆಯೊಳಗೆ ಎಂಜಿನ್ ಕೂತಿತು. ಒಂದೇ ತಿರುವಿಗೆ ಚಾಲೂ ಆಯಿತು. ಅವರು ಕೂಲಿ ಕೇಳಲಿಲ್ಲ, ಮಾಮೆ ಕೊಡಲೂ ಇಲ್ಲ.

ಗಾಡಿ ಹೊರಟಿತು. ನನ್ನ ಅಂಗಡಿಯ ಮುಂದೆ ಗಕ್ಕನೆ ನಿಂತಿತು. ಮಾಮೆ ಕಿಟಕಿಯಿಂದ ತಲೆ ಹೊರಹಾಕಿದರು.

"ಮಾಸ್ಟರ್, ಶುಕ್ರವಾರ ಊಟಕ್ಕೆ ನಮ್ಮೂರಿಗೆ ಬನ್ನಿ. ಈ ಗಾಡಿ ಕೆಡೋದನ್ನ ಕಾಯ್ಬೇಡಿ, ಬಸ್ಸಲ್ಲಿ ಬನ್ನಿ."